ಕಡಲಗಾಳಿಯಲ್ಲಿ ಕವಿತೆ: ಕಾರವಾರದ ಕಾವ್ಯವಾಚನ ಉತ್ಸವ ಮತ್ತು ಅದರ ನೇರ ಪ್ರಸಾರ

ಕಾರವಾರದ ಟಾಗೋರ್ ಕಡಲತೀರದಲ್ಲಿ ಈ ಬಾರಿ ನಡೆದ ಕಾವ್ಯವಾಚನ ಉತ್ಸವದ ಕೆಲವು ಗೋಷ್ಠಿಗಳನ್ನು ನಾನು ವೇದಿಕೆಯ ಮುಂದೆ ಕುಳಿತು ಕೇಳಿದೆ, ಉಳಿದವನ್ನು ಮನೆಯಲ್ಲಿ ಯೂಟ್ಯೂಬಿನ ನೇರ ಪ್ರಸಾರದಲ್ಲಿ ನೋಡಿದೆ. ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯ ಊರುಗಳಿಂದ ಸಂಜೆಯ ಕಾರ್ಯಕ್ರಮಕ್ಕೆಂದು ಘಟ್ಟ ಇಳಿದು ಬಂದು ರಾತ್ರಿಯೇ ಮರಳುವುದು ಎಲ್ಲರಿಗೂ ಆಗುವ ಮಾತಲ್ಲ. ಅಂಥವರ ಪಾಲಿಗೆ ಪ್ರಸಾರವೇ ಉತ್ಸವ. ಆದ್ದರಿಂದ ಅದನ್ನು ಕಾರ್ಯಕ್ರಮದ ಬಾಲಂಗೋಚಿಯೆಂದು ಬಿಡದೆ, ವೇದಿಕೆಯಷ್ಟೇ ಗಂಭೀರವಾಗಿ ಪರಿಗಣಿಸಿ ಬರೆಯುತ್ತಿದ್ದೇನೆ.

ಸಂಘಟಕರು ಕೈಗೊಂಡ ಅತ್ಯುತ್ತಮ ನಿರ್ಧಾರವೆಂದರೆ ತರುಣ ಕವಿಗಳ ಸ್ಪೋಕನ್ ವರ್ಡ್, ಅಂದರೆ ವೇದಿಕೆಯ ಮೇಲೆ ಮಾತಿನ ಲಯದಲ್ಲಿ ಹೇಳುವ ಕವಿತೆಗಳ, ಗೋಷ್ಠಿಯ ಬೆನ್ನಿಗೇ ತಾಳಮದ್ದಳೆಯನ್ನು ಇಟ್ಟದ್ದು. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರ ಪದ್ಯ ಮುಗಿದೊಡನೆ ಅದರ ಅರ್ಥವನ್ನು ಕುಳಿತಲ್ಲೇ ಮಾತಾಗಿ ಬೆಳೆಸುವ ಈ ಕಲೆ ನಮ್ಮ ಜಿಲ್ಲೆಯಲ್ಲಿ ಮಳೆಗಾಲದ ರಾತ್ರಿಗಳನ್ನು ತಲೆಮಾರುಗಳಿಂದ ತುಂಬುತ್ತ ಬಂದಿದೆ. ಬರೆದಿಟ್ಟ ಸಂಭಾಷಣೆಯಿಲ್ಲದ ಕಾರಣ ಅರ್ಥಧಾರಿ ಎದುರಾಳಿಯ ಮಾತನ್ನು ಪೂರ್ತಿ ಕೇಳಿಸಿಕೊಂಡೇ ಉತ್ತರಿಸಬೇಕು. ಕೃಷ್ಣ ಸಂಧಾನದ ಪ್ರಸಂಗದಲ್ಲಿ ಕೌರವನ ಅರ್ಥ ಹೇಳಿದವರು ಕೃಷ್ಣನ ಬಾಯಿಂದ ಬಂದ ‘ಪಾಲು’ ಎಂಬ ಒಂದೇ ಪದವನ್ನು ಹಿಡಿದು ಅಣ್ಣತಮ್ಮಂದಿರ ಆಸ್ತಿಯ ಜಗಳವನ್ನೆಲ್ಲ ಅದರೊಳಗೆ ತಂದಾಗ, ಅದಕ್ಕೆ ಸ್ವಲ್ಪ ಮೊದಲು ಫೋನಿನ ಪರದೆಯ ಮೇಲೆ ಕಣ್ಣು ನೆಟ್ಟು ಕವಿತೆ ಓದಿದ್ದ ಹುಡುಗರು ಕುರ್ಚಿಯ ತುದಿಗೆ ಬಂದು ಕುಳಿತಿದ್ದರು. ಮಾತು ಹುಟ್ಟುವ ಕ್ಷಣದಲ್ಲೇ ಅದನ್ನು ಕೇಳುವ ಸುಖ ಪ್ರಸಾರದಲ್ಲೂ ಉಳಿದಿತ್ತೆಂದು, ಆ ಪ್ರಸಂಗವನ್ನು ಮನೆಗೆ ಬಂದು ಮತ್ತೊಮ್ಮೆ ನೋಡಿದಾಗ ತಿಳಿಯಿತು.

ಅದು ಉಳಿದದ್ದಕ್ಕೆ ಒಂದು ತಾಂತ್ರಿಕ ಕಾರಣವೂ ಇದೆ. ಅರ್ಥಧಾರಿಗಳು ಕುಳಿತೇ ಮಾತಾಡುವುದರಿಂದ ಅವರ ಬಾಯಿಗೂ ಮೈಕಿಗೂ ನಡುವಿನ ಅಂತರ ಬದಲಾಗುವುದಿಲ್ಲ. ತರುಣ ಕವಿಗಳಲ್ಲಿ ಹೆಚ್ಚಿನವರು ಕೈಯಲ್ಲಿ ಮೈಕು ಹಿಡಿದು ವೇದಿಕೆಯ ತುಂಬ ಓಡಾಡಿದರು, ಆವೇಶ ಬಂದಾಗ ಕೈ ಬೀಸಿದರು, ಸಾಲಿನ ಕೊನೆಯ ಪದ ಪ್ರತಿ ಬಾರಿಯೂ ಕಳೆದುಹೋಯಿತು. ವೇದಿಕೆಯ ಮುಂದಿದ್ದವರು ಮುಖ ನೋಡಿ ಅದನ್ನು ಊಹಿಸಿಕೊಂಡರು. ಫೋನಿಗೆ ಕಿವಿಗೊಟ್ಟವರಿಗೆ ಆ ಅನುಕೂಲವಿರಲಿಲ್ಲ. ನೌಕಾನೆಲೆಗಾಗಿ ಕಾರವಾರದ ಬಳಿಯ ಅರಗಾ ಊರಿನ ಮನೆ ಬಿಟ್ಟು ಬಂದ ಅಜ್ಜಿಯೊಬ್ಬಳ ಮಾತುಗಳನ್ನು ಅಲ್ಲಿನ ಆಡುನುಡಿಯಲ್ಲೇ ಕಟ್ಟಿದ ಯುವತಿ ಮಾತ್ರ ನಿಂತ ಜಾಗದಿಂದ ಕದಲದೆ, ತಗ್ಗಿದ ದನಿಯಲ್ಲಿ ಕವಿತೆ ಹೇಳಿದಳು. ಇಡೀ ಉತ್ಸವದಲ್ಲಿ ನನ್ನನ್ನು ಅತ್ಯಂತ ಆಳವಾಗಿ ತಾಗಿದ ಕವಿತೆ ಅದು, ಮತ್ತು ಅದರ ಒಂದಕ್ಷರವೂ ಪ್ರಸಾರದಲ್ಲಿ ನಷ್ಟವಾಗಲಿಲ್ಲ.

ಮೊದಲ ಸಂಜೆಯ ಪ್ರಸಾರದ ಬಗ್ಗೆ ಇಂಥ ಒಳ್ಳೆಯ ಮಾತು ಹೇಳುವಂತಿಲ್ಲ. ಹಗಲಲ್ಲಿ ನೆಲ ಕಾದಂತೆ ಕಡಲಿನಿಂದ ಬೀಸತೊಡಗುವ ಗಾಳಿ ಕಾರವಾರದಲ್ಲಿ ಮುಸ್ಸಂಜೆಯ ತನಕ ಜೋರಾಗಿಯೇ ಇರುತ್ತದೆ. ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 66ರ ಲಾರಿಗಳ ಸದ್ದು ಬೇರೆ. ಹೀಗಿರುವಲ್ಲಿ ಕ್ಯಾಮೆರಾಕ್ಕೆ ಅಂಟಿದ ಮೈಕನ್ನೇ ನಂಬಿದ್ದರಿಂದ ಉದ್ಘಾಟನೆಯ ಕವಿಗೋಷ್ಠಿ ಮನೆಯಲ್ಲಿದ್ದವರಿಗೆ ಬರಿಯ ಗಾಳಿಯ ಮೊರೆತವಾಗಿ ತಲುಪಿತು. ಮರುದಿನ ಧ್ವನಿವರ್ಧಕದ ಮಿಕ್ಸರಿನಿಂದ ನೇರವಾಗಿ ತಂತಿ ಎಳೆದು ಧ್ವನಿಯನ್ನು ಪ್ರಸಾರಕ್ಕೆ ಕೊಟ್ಟರು, ಮೈಕುಗಳಿಗೆ ಸ್ಪಂಜಿನ ಟೊಪ್ಪಿಗೆ ಬಂತು, ದೋಷ ಬಹುಮಟ್ಟಿಗೆ ನೀಗಿತು. ಕಾವ್ಯದ ಪ್ರಸಾರಕ್ಕೆ ಮೂರು ಕ್ಯಾಮೆರಾಗಳಿಗಿಂತ ಒಂದು ಒಳ್ಳೆಯ ಧ್ವನಿವ್ಯವಸ್ಥೆ ಮುಖ್ಯ. ನೆಟ್‌ವರ್ಕ್ ಸೊರಗಿ ಚಿತ್ರ ಮಸುಕಾದರೂ ಕೇಳುಗ ಸಹಿಸಿಕೊಳ್ಳುತ್ತಾನೆ, ಮಾತು ತುಂಡಾದರೆ ಎದ್ದುಹೋಗುತ್ತಾನೆ.

ಚುಟುಕು ಗೋಷ್ಠಿ ಸೊಗಸಾಗಿತ್ತು. 1909ರಲ್ಲಿ ಹುಟ್ಟಿದ ಅಂಕೋಲೆಯ ದಿನಕರ ದೇಸಾಯಿಯವರಿಂದ ಈ ಜಿಲ್ಲೆಗೆ ನಾಲ್ಕು ಸಾಲಿನ ಪದ್ಯದ ರುಚಿ ಹತ್ತಿದೆ, ಮತ್ತು ಆ ಅಳತೆ ಪ್ರಸಾರಕ್ಕೂ ಚೆನ್ನಾಗಿ ಹೊಂದುತ್ತದೆ. ಪ್ರತಿ ಚುಟುಕನ್ನೂ ಎರಡು ಸಲ ಓದಿಸಿದ ನಿರ್ವಾಹಕರನ್ನು ಅಭಿನಂದಿಸಬೇಕು. ದೂರದ ಕೇಳುಗರು ಬರೆದು ಕಳಿಸಿದ ಮಾತುಗಳನ್ನು ಅವರು ವೇದಿಕೆಯಲ್ಲಿ ಓದಿದ್ದೂ ಒಳ್ಳೆಯದಾಯಿತು, ಆದರೆ ಪ್ರಸಾರ ವೇದಿಕೆಗಿಂತ ಹಲವು ಸೆಕೆಂಡು ಹಿಂದಿರುವುದರಿಂದ ಎಷ್ಟೋ ಸಲ ಮುಂದಿನ ಕವಿ ಎದ್ದು ನಿಂತ ಮೇಲೆ ಹಿಂದಿನ ಕವಿಯ ಮೆಚ್ಚುಗೆ ಬರುತ್ತಿತ್ತು. ಇಬ್ಬರ ನಡುವೆ ಸ್ವಲ್ಪ ಬಿಡುವು ಕೊಟ್ಟರೆ ಇದು ಸರಿಹೋಗುತ್ತದೆ.

ನನಗೆ ನಿಜಕ್ಕೂ ನೋವು ತಂದದ್ದು ಹಾಲಕ್ಕಿ ಒಕ್ಕಲಿಗ ಸಮುದಾಯದ ಹೆಂಗಸರ ಹಾಡುಗಳಿಗೆ ಸಿಕ್ಕ ಜಾಗ. ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಜಿಲ್ಲೆಗೆ ಜಿಲ್ಲೆಯೇ ಹೆಮ್ಮೆಪಟ್ಟಿತ್ತು. ಅದೇ ಪರಂಪರೆಯ ಹಾಡುಗಾರ್ತಿಯರನ್ನು ಕೊನೆಗೆ ಉಳಿದ ಅರೆಗಳಿಗೆಗೆ ಕರೆದು, ಅವರು ಹಾಡುತ್ತಿರುವಾಗಲೇ ಪ್ರಸಾರದ ನಿರೂಪಕರು ಅದರ ಮೇಲೆ ವಿವರಣೆ ಹೇಳುತ್ತ ಹೋದದ್ದು ತಪ್ಪು. ಹಾಡು ಮೊದಲು ಪೂರ್ತಿಯಾಗಲಿ, ವಿವರಣೆ ಅದರ ಮುಂಚೆಯೋ ನಂತರವೋ ಬರಲಿ. ಇನ್ನೂ ಒಳ್ಳೆಯದೆಂದರೆ ಆ ಹಾಡುಗಾರ್ತಿಯರನ್ನೇ ಕೇಳಿ ಹಾಡಿನ ಮಾತುಗಳನ್ನು ಬರೆದುಕೊಂಡು ಪರದೆಯ ಕೆಳಗೆ ತೋರಿಸುವುದು. ಕೊಂಕಣಿ ಕವಿತೆಗಳಿಗೂ ಇದೇ ಮಾತು ಅನ್ವಯಿಸುತ್ತದೆ: ಕಾರವಾರದವರಿಗೆ ಎರಡೂ ಭಾಷೆ ತಿಳಿಯುತ್ತದೆ, ಶಿರಸಿಯಲ್ಲಿ ಕುಳಿತು ನೋಡುವ ಅನೇಕರಿಗೆ ತಿಳಿಯುವುದಿಲ್ಲ.

ಪ್ರವೇಶ ಉಚಿತವಾಗಿತ್ತು, ಆಸನಗಳು ಸಾಕಷ್ಟಿದ್ದವು, ಗೋಷ್ಠಿಗಳು ಹೇಳಿದ ಹೊತ್ತಿಗೆ ಆರಂಭವಾದವು. ಮುಂದಿನ ವರ್ಷವೂ ಈ ಉತ್ಸವ ನಡೆಯಬೇಕು, ನಾನು ಖಂಡಿತ ಹೋಗುತ್ತೇನೆ. ಆದರೆ ಸಂಘಟಕರು ಅಲ್ಲಿಯವರೆಗೆ ಕಾಯದೆ ಮಾಡಬೇಕಾದ ಕೆಲಸವೊಂದಿದೆ. ಹನ್ನೆರಡು ಗಂಟೆಗಿಂತ ಕಡಿಮೆ ಅವಧಿಯ ನೇರ ಪ್ರಸಾರಗಳು ಯೂಟ್ಯೂಬಿನಲ್ಲಿ ತಾವಾಗಿಯೇ ಉಳಿಯುತ್ತವೆ. ಈ ಉತ್ಸವದವೂ ಉಳಿದಿವೆ, ಆದರೆ ದಿನಕ್ಕೊಂದರಂತೆ ಉದ್ದನೆಯ ವಿಡಿಯೊಗಳಾಗಿ, ಕವಿಗಳ ಹೆಸರಾಗಲಿ ಸಮಯವಾಗಲಿ ಇಲ್ಲದೆ. ಯಾವ ಕವಿ ಎಷ್ಟನೇ ನಿಮಿಷದಲ್ಲಿ ಓದಿದರೆಂಬ ಪಟ್ಟಿಯನ್ನು ವಿಡಿಯೊದ ಕೆಳಗೆ ಸೇರಿಸಿದರೆ, ಅರಗಾದ ಅಜ್ಜಿಯ ಕವಿತೆಯನ್ನು ತರಗತಿಯಲ್ಲಿ ಕೇಳಿಸಬಯಸುವ ಕನ್ನಡ ಶಿಕ್ಷಕರು ಗಂಟೆಗಟ್ಟಲೆ ಹುಡುಕಬೇಕಾಗುವುದಿಲ್ಲ.