ಎಂಒಯು ತೋರಿಸಿದರೆ ಸಾಲದು, ಸಂಯೋಜನೆ ಆದೇಶ ಕೇಳಿ

ಗೋಣಿಕೊಪ್ಪ, ವಿರಾಜಪೇಟೆ ಕಡೆ ಪಿಯುಸಿ ಮುಗಿಸಿದ ಮಕ್ಕಳಿರುವವರು ದಯವಿಟ್ಟು ಇದನ್ನು ಓದಿ. ನಮ್ಮ ಅಕ್ಕನ ಮಗಳ ಒಂದು ವರ್ಷ ಹಾಳಾಗಿದೆ.

ಇಲ್ಲಿಯದೇ ಒಂದು ಖಾಸಗಿ ಕಾಲೇಜು. ಸರ್ಕಾರಿ ಯೂನಿವರ್ಸಿಟಿ ಜೊತೆ ಟೈಅಪ್ ಇದೆ, ಹೋಟೆಲ್ ಮ್ಯಾನೇಜ್‌ಮೆಂಟ್ ಡಿಗ್ರಿ ಅವರದ್ದೇ ಬರುತ್ತದೆ ಅಂದರು. ಆಫೀಸಿನ ಗೋಡೆ ಮೇಲೆ ಕುಲಪತಿಗಳು ಸಹಿ ಹಾಕುತ್ತಿರುವ ಫೋಟೊ, ಪಕ್ಕದಲ್ಲಿ ಫ್ರೇಮ್ ಹಾಕಿಸಿದ ಎಂಒಯು, ಅಂದರೆ ಒಪ್ಪಂದ ಪತ್ರ. ಯಾರಿಗಾದರೂ ನಂಬಿಕೆ ಬರುತ್ತದೆ ಅಲ್ವಾ? ನಮ್ಮಲ್ಲಿ ರೆಸಾರ್ಟ್, ಹೋಂಸ್ಟೇ ಜಾಸ್ತಿ, ಊರಲ್ಲೇ ಕೆಲಸ ಸಿಗುತ್ತದೆ ಅಂತ ಅಕ್ಕ ಕರಿಮೆಣಸು ಮಾರಿದ ದುಡ್ಡು ತಂದು ಕಟ್ಟಿದರು. ರಸೀದಿಯಲ್ಲಿ ಇದ್ದದ್ದು ಟ್ರಸ್ಟಿನ ಹೆಸರು. ಕೋರ್ಸಿನ ಹೆಸರೇ ಇಲ್ಲ.

ಪರೀಕ್ಷೆ ಹತ್ತಿರ ಬಂದರೂ ಹಾಲ್ ಟಿಕೆಟ್ ಬರಲಿಲ್ಲ. ಮೊದಲು ನಮ್ಮ ಜಿಲ್ಲೆಯ ಕಾಲೇಜುಗಳು ಮಂಗಳೂರು ವಿ.ವಿ.ಗೆ ಸೇರಿದ್ದವು, ಆಮೇಲೆ ಚಿಕ್ಕ ಅಳುವಾರದಲ್ಲಿ ಕೊಡಗು ವಿ.ವಿ. ಆಯಿತು. ಆ ಬದಲಾವಣೆಯನ್ನೇ ನೆಪ ಮಾಡಿ, ‘ಫೈಲ್ ಓಡಾಡ್ತಿದೆ’ ಎಂದು ಸಾಗಹಾಕಿದರು. ಕೊನೆಗೆ ನಾನೇ ಯೂನಿವರ್ಸಿಟಿ ಆಫೀಸಿಗೆ ಹೋಗಿ ಕೇಳಿದೆ. ಅಲ್ಲಿಯವರು ಒಪ್ಪಂದದ ಒಳಪುಟ ತೆಗೆದು ತೋರಿಸಿದರು. ತರಬೇತಿ ಶಿಬಿರ, ಉಪನ್ಯಾಸಕರ ವಿನಿಮಯ, ಅಷ್ಟೇ. ಡಿಗ್ರಿಯ ಮಾತೇ ಅದರಲ್ಲಿಲ್ಲ. ಗೋಡೆ ಮೇಲಿದ್ದದ್ದು ಮೊದಲ ಪುಟ ಮಾತ್ರ!

ಎಂಒಯು ಬೇರೆ, ಸಂಯೋಜನೆ (ಕಾಲೇಜಿಗೆ ಆ ಕೋರ್ಸ್ ನಡೆಸಲು ಯೂನಿವರ್ಸಿಟಿ ಕೊಡುವ ಅಫಿಲಿಯೇಷನ್) ಬೇರೆ. ಎಂಒಯು ಇದ್ದ ಮಾತ್ರಕ್ಕೆ ಡಿಗ್ರಿ ಸಿಗುವುದಿಲ್ಲ. ನೀವು ಸೇರುವ ಕೋರ್ಸಿಗೆ, ಈ ವರ್ಷಕ್ಕೆ ಸಂಯೋಜನೆ ಸಿಕ್ಕಿದೆಯೇ ಎಂಬ ಆದೇಶದ ಪ್ರತಿ ಕೇಳಿ. ಕೊಡಲು ತಡವರಿಸಿದರೆ ಫೀಸು ಕಟ್ಟಬೇಡಿ. ರಾಜ್ಯದ ಸರ್ಕಾರಿ ವಿ.ವಿ.ಯ ಡಿಗ್ರಿ ಎಂದರೆ ಯುಯುಸಿಎಂಎಸ್ (ರಾಜ್ಯದ ವಿ.ವಿ., ಕಾಲೇಜುಗಳ ಆನ್‌ಲೈನ್ ವ್ಯವಸ್ಥೆ) ಪೋರ್ಟಲಿನಲ್ಲಿ ಆ ಕಾಲೇಜು, ಆ ಕೋರ್ಸ್ ಇದೆಯೇ ನೋಡಿ.

ಮೈಸೂರಿನ ಮುಕ್ತ ವಿ.ವಿ. ವಿಷಯ ಹಲವರಿಗೆ ನೆನಪಿರಬಹುದು. ಖಾಸಗಿ ಸಂಸ್ಥೆಗಳ ಮೂಲಕ ರಾಜ್ಯದ ಹೊರಗೂ ಕೋರ್ಸ್ ನಡೆಸಿತೆಂದು 2015ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆ ವಾಪಸ್ ಪಡೆಯಿತು. ಮತ್ತೆ ಸಿಕ್ಕಿದ್ದು 2018ರಲ್ಲಿ. ಆ ನಡುವೆ ಸಿಕ್ಕಿಬಿದ್ದ ವಿದ್ಯಾರ್ಥಿಗಳು ಎಷ್ಟು ಕಷ್ಟಪಟ್ಟರು! ಟೈಅಪ್ ಅಂದಾಗ ಇಷ್ಟು ವಿಚಾರಿಸಲೇಬೇಕು.

ಇನ್ನೊಂದು ವಿಷಯ. ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡನ್ನೂ ಅವರೇ ಇಟ್ಟುಕೊಂಡಿದ್ದರು. ಹಾಗೆ ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಅದರ ಪ್ರಿಂಟ್ ಹಿಡಿದುಕೊಂಡು ಹೋದ ಮೇಲೆ ಕಾರ್ಡ್ ಕೊಟ್ಟರು. ಕಟ್ಟಿದ ಫೀಸು ಇನ್ನೂ ವಾಪಸ್ ಕೊಟ್ಟಿಲ್ಲ.

ನಿಮ್ಮ ಮನೆಯ ಮಕ್ಕಳಿಗೂ ಹೀಗೆ ಆಗಿದ್ದರೆ ಮೆಸೇಜ್ ಮಾಡಿ. ಎಲ್ಲರೂ ಸೇರಿ ಮಡಿಕೇರಿಯಲ್ಲಿ ಜಿಲ್ಲಾಧಿಕಾರಿಗಳಿಗೆ ದೂರು ಕೊಡೋಣ. ರಸೀದಿಯ ಜೆರಾಕ್ಸ್ ತೆಗೆದಿಡಿ. ಒರಿಜಿನಲ್ ಯಾರಿಗೂ ಕೊಡಬೇಡಿ, ನನಗೂ ಸಹ.