ಲೂಪ್ ಓಡುವಾಗಲೇ ಡಿಕ್ಷನರಿಯಿಂದ ತೆಗೆಯೋದು: ಯಾವ ದಾರಿ ಒಳ್ಳೆಯದು?

ಕಲಬುರಗಿ ಗಂಜ್‌ನ ಒಂದು ಅಡತ್ ಅಂಗಡಿಯ ಲೆಕ್ಕ ಪೈಥಾನ್‌ನಲ್ಲಿದೆ. ಬರೆದುಕೊಟ್ಟವನು ನಾನೇ. ತೊಗರಿ ಬರುವ ದಿನಗಳಲ್ಲಿ ರೈತರ ಪಟ್ಟಿ ಉದ್ದವಾಗುತ್ತದೆ. ರೈತರ ಹೆಸರು ಕೀ, ಅವರಿಗೆ ಕೊಡಬೇಕಾದ ಬಾಕಿ ವ್ಯಾಲ್ಯೂ. ಹೀಗೆ ಕೀ-ವ್ಯಾಲ್ಯೂ ಜೋಡಿಗಳನ್ನು ಇಡುವ ಈ ಡಿಕ್ಷನರಿಯ ಹೆಸರು 'ಖಾತೆ'. (ಪೈಥಾನ್ 3ರಲ್ಲಿ ವೇರಿಯಬಲ್‌ಗೆ ಕನ್ನಡ ಹೆಸರೇ ಇಡಬಹುದು, ಗೊತ್ತಲ್ವಾ?) ಸಂಜೆ ಹೊತ್ತಿಗೆ ಚುಕ್ತಾ ಆದವರನ್ನೆಲ್ಲ ಅದರಿಂದ ತೆಗೆಯಬೇಕು.

ನೇರವಾಗಿ 'ಖಾತೆ' ಮೇಲೆ ಫಾರ್ ಲೂಪ್ ಹಾಕಿ (ಒಂದೊಂದೇ ಹೆಸರನ್ನು ನೋಡುತ್ತಾ ಹೋಗಿ) ಒಳಗೇ ಡೆಲ್, ಅಂದ್ರೆ ತೆಗೆಯುವ ಆಜ್ಞೆ, ಕೊಟ್ಟರೆ ರನ್‌ಟೈಮ್ ಎರರ್ ಬರುತ್ತದೆ: 'ಡಿಕ್ಷನರಿ ಚೇಂಜ್ಡ್ ಸೈಜ್ ಡ್ಯೂರಿಂಗ್ ಇಟರೇಷನ್'. ಅಷ್ಟರಲ್ಲಿ ಒಂದು ಹೆಸರು ಹೋಗಿಯೇ ಬಿಟ್ಟಿರುತ್ತದೆ. ಮುಂದಿನ ಕೀ ಕೇಳಿದಾಗಲೇ ಪೈಥಾನ್ ಸೈಜ್ ನೋಡೋದು. ಹಾಗಾಗಿ ತೆಗೆದದ್ದು ಕೊನೆಯ ಹೆಸರಾದರೂ ಎರರ್ ತಪ್ಪಲ್ಲ. ಇರುವ ಕೀಗೆ ಬೇರೆ ವ್ಯಾಲ್ಯೂ ಹಾಕಿದರೆ ಮಾತ್ರ ತಕರಾರಿಲ್ಲ. ಲಿಸ್ಟ್‌ನಲ್ಲಿ ಹೀಗೆ ಮಾಡಿದರೆ ಎರರೂ ಇಲ್ಲ, ಪಕ್ಕದ ಐಟಂ ಸುಮ್ನೆ ತಪ್ಪಿ ಹೋಗುತ್ತದೆ. ಅದಕ್ಕಿಂತ ಈ ಗಲಾಟೆಯೇ ವಾಸಿ.

ಎಲ್ಲರೂ ಮೊದಲು ಹೇಳೋದು ಲಿಸ್ಟ್ ದಾರಿ. 'ಖಾತೆ' ಬದಲು ಲಿಸ್ಟ್(ಖಾತೆ) ಮೇಲೆ ಲೂಪ್ ಹಾಕಿ, ಒಳಗೆ ಧೈರ್ಯವಾಗಿ ಡೆಲ್ ಕೊಡಿ. ಕಾಪಿ ಆಗೋದು ಕೀಗಳ ಪಟ್ಟಿ ಮಾತ್ರ. ಸಾವಿರಾರು ಹೆಸರಿದ್ದರೂ ಮೆಮೊರಿ ಚಿಂತೆ ಬೇಡ. ಹಳೆಯ ನೋಟ್ಸ್‌ಗಳಲ್ಲಿ ಖಾತೆ.ಕೀಸ್() ಸಾಕು ಅಂತ ಇರುತ್ತದೆ. ಅದು ಪೈಥಾನ್ 2ರ ಮಾತು, ಅಲ್ಲಿ ಅದು ನಿಜವಾದ ಲಿಸ್ಟನ್ನೇ ಕೊಡುತ್ತಿತ್ತು. 3ರಲ್ಲಿ ಕೊಡೋದು ಬರೀ ವ್ಯೂ (ಕಾಪಿಯಲ್ಲ, ಅದೇ ಡಿಕ್ಷನರಿಯನ್ನು ನೋಡುವ ಕಿಟಕಿ), ಅದೇ ಎರರ್ ಬರುತ್ತದೆ.

ನೋಡೋಕೆ ಚೆಂದ ಇರೋದು ಡಿಕ್ಷನರಿ ಕಾಂಪ್ರಿಹೆನ್ಷನ್. ಬಾಕಿ ಇರುವವರನ್ನಷ್ಟೇ ಆರಿಸಿ ಹೊಸ ಡಿಕ್ಷನರಿ ಕಟ್ಟೋದು, ಒಂದೇ ಸಾಲು. ಮುಕ್ಕಾಲು ಪಾಲು ಹೆಸರು ಹೋಗಬೇಕಾದಾಗ ಇದೇ ಲಾಭ, ಯಾಕಂದ್ರೆ ಡೆಲ್ ಕೊಟ್ಟರೂ ಹಳೆಯ ಡಿಕ್ಷನರಿ ಹಿಡಿದ ಜಾಗ ಅಲ್ಲೇ ಕುಗ್ಗಲ್ಲ. ಆದರೆ ಇದು ಬೇರೆಯೇ ಡಿಕ್ಷನರಿ. ಪಾವತಿ ಪ್ರಿಂಟ್ ಮಾಡುವ ಕೋಡ್ ಹಳೆಯದನ್ನೇ ಹಿಡಿದುಕೊಂಡಿದ್ದರೆ, ಚುಕ್ತಾ ಆದವರ ಹೆಸರು ಅಲ್ಲಿ ಮತ್ತೆ ಅಚ್ಚಾಗುತ್ತದೆ. ಹೊಸದನ್ನು ಪೂರ್ತಿ ಕಟ್ಟಿಕೊಂಡು, ಆಮೇಲೆ ಹಳೆಯದನ್ನು ಕ್ಲಿಯರ್ ಕೊಟ್ಟು ಖಾಲಿ ಮಾಡಿ, ಅಪ್‌ಡೇಟ್ ಕೊಟ್ಟು ಹೊಸದರಿಂದ ತುಂಬಿದರೆ ಸರಿಹೋಗುತ್ತದೆ. ಅಷ್ಟಾದ ಮೇಲೆ ಒಂದೇ ಸಾಲಿನ ಸುಖ ಎಲ್ಲಿ ಉಳಿಯಿತು?

ನಾನು ಅಂಗಡಿಯಲ್ಲಿ ಉಳಿಸಿಕೊಂಡದ್ದು ಹಳೇ ಕಾಲದ್ದು ಅನ್ನಿಸುವ ದಾರಿ. ಮೊದಲ ಲೂಪ್‌ನಲ್ಲಿ ಏನೂ ತೆಗೆಯಲ್ಲ, ತೆಗೆಯಬೇಕಾದ ಹೆಸರನ್ನು ಒಂದು ಲಿಸ್ಟ್‌ಗೆ ಸೇರಿಸೋದಷ್ಟೇ. ಎರಡನೇ ಲೂಪ್ ಆ ಲಿಸ್ಟ್ ಮೇಲೆ ಓಡಿ ಖಾತೆ.ಪಾಪ್(ಹೆಸರು, ನನ್) ಅಂದು ಆ ಹೆಸರನ್ನು ತೆಗೆಯುತ್ತದೆ. ಹೆಸರು ಆಗಲೇ ಇಲ್ಲದಿದ್ದರೂ ಆ ನನ್ (None, 'ಏನೂ ಇಲ್ಲ' ಅನ್ನುವ ವ್ಯಾಲ್ಯೂ) ಇರೋದರಿಂದ ಕೀ ಎರರ್ ಬರಲ್ಲ. ಸಾಲು ಜಾಸ್ತಿ, ನಿಜ. ಆದರೆ ಎರಡು ಲೂಪ್‌ಗಳ ನಡುವೆ ಪಟ್ಟಿಯನ್ನು ಸ್ಕ್ರೀನ್ ಮೇಲೆ ತೋರಿಸಬಹುದು. ಮುನೀಮರು ಕನ್ನಡಕ ಏರಿಸಿ ಒಂದೊಂದೇ ಹೆಸರು ಓದುತ್ತಾರೆ. 'ಇವರದು ತೆಗಿಬ್ಯಾಡ್ರಿ, ಚೆಕ್ ಇನ್ನಾ ಪಾಸಾಗಿಲ್ಲ' ಅನ್ನುತ್ತಾರೆ. ಆ ಹೆಸರನ್ನು ಲಿಸ್ಟ್‌ನಿಂದ ತೆಗೆದರೆ ಆಯಿತು, ಖಾತೆಗೆ ಏನೂ ಆಗಿರಲ್ಲ. ಉಳಿದ ಎರಡರಲ್ಲಿ ಇಷ್ಟು ಸುಲಭವಾಗಿ ತಡೆಯೋಕೆ ಜಾಗ ಇಲ್ಲ.

ಯಾರಿಗೂ ತೋರಿಸುವ ಅಗತ್ಯ ಇಲ್ಲದ ಕಡೆ ನಾನೂ ಲಿಸ್ಟ್(ಖಾತೆ)ಯನ್ನೇ ಬಳಸುತ್ತೇನೆ. ಯಾವ ದಾರಿ ಹಿಡಿದರೂ ಬಾಕಿಯನ್ನು ಪೈಸೆ ಲೆಕ್ಕದ ಪೂರ್ಣ ಸಂಖ್ಯೆಯಲ್ಲೇ ಇಡಿ. ಫ್ಲೋಟ್‌ನಲ್ಲಿ (ದಶಮಾಂಶ ಸಂಖ್ಯೆಯಲ್ಲಿ) 0.1 ಮತ್ತು 0.2 ಕೂಡಿಸಿ 0.3 ಕಳೆದರೆ ಸೊನ್ನೆ ಬರಲ್ಲ, ಚುಕ್ತಾ ಆದವರೂ ಪಟ್ಟಿಯಲ್ಲೇ ಉಳಿಯುತ್ತಾರೆ.