ನಿಲ್ ಇಸಿ ತೋರಿಸಿ ಟೋಕನ್ ಅಡ್ವಾನ್ಸ್ ಕೇಳಿದರೆ ಒಂದು ರೂಪಾಯಿನೂ ಕೊಡಬೇಡಿ

ಬೆಂಗಳೂರಿನ ಸುತ್ತಮುತ್ತ ಪಂಚಾಯಿತಿ ವ್ಯಾಪ್ತಿಯಲ್ಲಿ ಸೈಟು ನೋಡ್ತಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ನೆಲಮಂಗಲದ ಕಡೆ 30x40 ಅಡಿಯ ಒಂದು ಸೈಟಿಗೆ ನಮ್ಮ ಮನೆಯವರು ಕೊಟ್ಟ ಅಡ್ವಾನ್ಸ್ ಮೂರು ಲಕ್ಷ ಈಗ ಸಿಕ್ಕಿಹಾಕಿಕೊಂಡು ಕೂತಿದೆ. ನೆಂಟರ ಮುಂದೆ ಹೇಳಿಕೊಳ್ಳೋಕೆ ಮುಖ ಇಲ್ಲ. ಆದರೂ ಇಲ್ಲಿ ಬರೀತಿದ್ದೀನಿ, ಯಾಕಂದರೆ ಅದೇ ಸೈಟನ್ನ ಅದೇ ಕಾಗದ ಹಿಡಿದು ಬೇರೆಯವರಿಗೆ ಈಗಲೂ ತೋರಿಸ್ತಿದ್ದಾರೆ.

ನಕಲಿ ದಾಖಲೆ ಕೊಟ್ಟು ಮೋಸ ಮಾಡ್ತಾರೆ ಅಂತ ಎಲ್ಲರಿಗೂ ಗೊತ್ತು. ಇಲ್ಲಿ ಆಗಿದ್ದು ಅದಲ್ಲ. ಕೊಟ್ಟ ಇಸಿ (ಋಣಭಾರ ಪ್ರಮಾಣಪತ್ರ, ಅಂದರೆ ಸ್ವತ್ತಿನ ಮೇಲೆ ನೋಂದಣಿಯಾದ ಕ್ರಯ, ಅಡಮಾನ ಮುಂತಾದವುಗಳ ಪಟ್ಟಿ) ಅಸಲಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದಲೇ ತೆಗೆದಿದ್ದು, ಡಿಜಿಟಲ್ ಸಹಿ ಇತ್ತು, 2004ರ ಏಪ್ರಿಲ್ 1ರಿಂದ ಈಚಿನ ತಾರೀಖಿನವರೆಗೆ ಅವಧಿ ಇತ್ತು. ನಮೂನೆ 16, ಅಂದರೆ ನಿಲ್, ಯಾವ ಋಣಭಾರವೂ ಇಲ್ಲ. ಜೊತೆಗೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9, ನಮೂನೆ 11ಎ ಅನ್ನೋ ಖಾತಾ ಕಾಗದ, ಕಂದಾಯ ಕಟ್ಟಿದ ರಸೀದಿ, ಮಾರೋರು 2012ರಲ್ಲಿ ಕೊಂಡ ಕ್ರಯಪತ್ರದ ಜೆರಾಕ್ಸ್. ಫೈಲು ನೋಡಿದರೆ ಯಾರಾದರೂ ಒಪ್ಪಬೇಕು, ಅಷ್ಟು ನೀಟಾಗಿತ್ತು. ‘ಇದಕ್ಕಿಂತ ಕ್ಲಿಯರ್ ಟೈಟಲ್ ಎಲ್ಲಿ ಸಿಗುತ್ತೆ ಸಾರ್, ಸಂಜೆ ಇನ್ನೊಂದು ಪಾರ್ಟಿ ಬರ್ತಿದೆ’ ಅಂತ ಬ್ರೋಕರ್ ಅವಸರ ಮಾಡಿದ. ಅಡ್ವಾನ್ಸ್ ಆಯ್ತು, ಛಾಪಾ ಕಾಗದದ ಮೇಲೆ ಅಗ್ರಿಮೆಂಟ್ ಆಯ್ತು, ನೋಟರಿ ಆಯ್ತು.

ಸಾಲಕ್ಕೆ ಹೋದಾಗ ಬ್ಯಾಂಕಿನ ಪ್ಯಾನೆಲ್ ವಕೀಲರು ಫೈಲು ತಿರುವಿ ಒಂದೇ ಒಂದು ಪ್ರಶ್ನೆ ಕೇಳಿದರು. ‘ಇವರು 2012ರಲ್ಲಿ ರಿಜಿಸ್ಟರ್ ಮಾಡಿಸಿಕೊಂಡು ಕೊಂಡಿದ್ದಾರೆ. ಇಸಿ 2004ರಿಂದ ಇದೆ, ನಿಲ್ ಅಂತಿದೆ. ಹಾಗಾದರೆ ಇವರ ಸ್ವಂತ ಕ್ರಯಪತ್ರ ಎಲ್ಲಿ ಹೋಯ್ತು?’

ಇದೇ ನೋಡಿ. ಈ ಪ್ರಶ್ನೆ ಕೇಳಿಸಿಕೊಂಡಾಗ ಹೊಟ್ಟೆಯೊಳಗೆ ಕಿವುಚಿದ ಹಾಗಾಯ್ತು. 2012ರಲ್ಲಿ ನೋಂದಣಿಯಾದ ಕ್ರಯಪತ್ರ 2004ರಿಂದ ಈಚಿನ ಇಸಿಯಲ್ಲಿ ಬರಲೇಬೇಕು. ಬಂದರೆ ಅದು ನಿಲ್ ಆಗೋಕೆ ಸಾಧ್ಯವೇ ಇಲ್ಲ, ವ್ಯವಹಾರಗಳನ್ನ ತೋರಿಸೋ ನಮೂನೆ 15 ಆಗಬೇಕು. ಅಂದರೆ ಮಾರೋರ ಸ್ವಂತ ಖರೀದಿಯ ಅವಧಿ ಒಳಗೊಂಡ ನಿಲ್ ಇಸಿ ಯಾರಾದರೂ ಕೊಟ್ಟರೆ ಹೆಚ್ಚಾಗಿ ಎರಡರಲ್ಲಿ ಒಂದು ಆಗಿರುತ್ತೆ: ಕ್ರಯಪತ್ರ ಸುಳ್ಳು, ಇಲ್ಲವೇ ಇಸಿಯನ್ನ ತಪ್ಪು ವಿವರದ ಮೇಲೆ ತೆಗೆದಿದ್ದಾರೆ. ಜನ ‘ನಿಲ್’ ಅನ್ನೋ ಪದ ನೋಡಿ ಸಮಾಧಾನ ಪಡ್ತಾರೆ. ಆ ಪದ ನೋಡಿದ ಕೂಡಲೇ ಎಚ್ಚರ ಆಗಬೇಕು.

ಇಲ್ಲಿ ಆಗಿದ್ದು ಎರಡನೆಯದು. 2012ರ ಕ್ರಯಪತ್ರದ ಷೆಡ್ಯೂಲಿನಲ್ಲಿ ಸ್ವತ್ತನ್ನ ಬರೆದಿರೋದು ಗ್ರಾಮದ ಹೆಸರು, ಸರ್ವೆ ನಂಬರ್, ಸೈಟ್ ನಂಬರ್, ಚೆಕ್ಕುಬಂದಿ ಅಂತ. ಇ-ಸ್ವತ್ತಿನ ಉದ್ದನೆಯ ಸ್ವತ್ತಿನ ಸಂಖ್ಯೆ ಬಂದಿದ್ದು ಅದಾದ ಮೇಲೆ. ಇಸಿಗೆ ಅರ್ಜಿ ಹಾಕಿದವರು ಸರ್ವೆ ನಂಬರ್ ಬಿಟ್ಟು ಆ ಹೊಸ ಸಂಖ್ಯೆ ಮಾತ್ರ ಹಾಕಿದ್ದಾರೆ. ಆ ಸಂಖ್ಯೆಯಲ್ಲಿ ಯಾವ ಪತ್ರವೂ ಇನ್ನೂ ನೋಂದಣಿಯೇ ಆಗಿಲ್ಲ. ಇನ್ನೇನು ಬರುತ್ತೆ, ನಿಲ್ಲೇ ಬರುತ್ತೆ! ಯಾವ ಜಮೀನಿಗೆ ಬೇಕಾದರೂ ಹೀಗೆ ನಿಲ್ ಇಸಿ ತೆಗೆಯಬಹುದು. ಕಚೇರಿಯವರದ್ದು ಇದರಲ್ಲಿ ತಪ್ಪಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಾರೆ.

ಇಸಿ ಕಾಗದದ ಕೆಳಗೆ ಸಣ್ಣಕ್ಷರದಲ್ಲಿ ಇದನ್ನೇ ಬರೆದೂ ಇರುತ್ತೆ: ಅರ್ಜಿದಾರರು ಕೊಟ್ಟ ವಿವರಣೆಗೆ ಹೊಂದುವ ವ್ಯವಹಾರಗಳನ್ನ ಮಾತ್ರ ತೋರಿಸಿದೆ, ಅದೇ ಸ್ವತ್ತನ್ನ ನೋಂದಾಯಿತ ಪತ್ರಗಳಲ್ಲಿ ಬೇರೆ ರೀತಿ ವಿವರಿಸಿದ್ದರೆ ಅಂಥ ವ್ಯವಹಾರಗಳು ಇದರಲ್ಲಿ ಸೇರಿರೋದಿಲ್ಲ ಅನ್ನೋ ಅರ್ಥದಲ್ಲಿ. ಬ್ರೋಕರುಗಳಿಗೆ ಆ ಟಿಪ್ಪಣಿ ಬಾಯಿಪಾಠ. ಕೊಳ್ಳೋರು ಅಲ್ಲಿತನಕ ಕಣ್ಣು ಹಾಯಿಸದ ಹಾಗೆ ಮೇಲಿನ ‘ನಿಲ್’ ಮೇಲೆ ಬೆರಳಿಟ್ಟು ತೋರಿಸ್ತಾರೆ.

ಸರಿಯಾದ ಇಸಿ ಹೇಗೆ ತೆಗೆಸಬೇಕು ಅಂತ ಹೇಳ್ತೀನಿ. ಒಂದು ಇಸಿ ಸಾಲಲ್ಲ. ಸ್ವತ್ತಿಗೆ ಇವತ್ತಿನವರೆಗೆ ಬಂದಿರೋ ನಂಬರುಗಳನ್ನೆಲ್ಲ ಮೊದಲು ಒಂದು ಹಾಳೆಯಲ್ಲಿ ಬರ್ಕೊಳ್ಳಿ. ಮೂಲ ಸರ್ವೆ ನಂಬರ್, ಪೋಡಿ (ಜಮೀನು ಅಳೆದು ಭಾಗ ಮಾಡೋದು) ಆದ ಮೇಲಿನ ಹಿಸ್ಸಾ ನಂಬರ್, ಸೈಟ್ ನಂಬರ್, ಹಳೇ ಪಂಚಾಯಿತಿ ಖಾತಾ ನಂಬರ್, ಇ-ಸ್ವತ್ತಿನ ಸಂಖ್ಯೆ. ಗ್ರಾಮಠಾಣಾ (ಊರೊಳಗಿನ ಮನೆಗಳ ಜಾಗ) ಆಗಿದ್ದರೆ ಖಾನೇಶುಮಾರಿ ನಂಬರ್, ಅಂದರೆ ಹಳೇ ಮನೆ ನಂಬರ್. ಉದಾಹರಣೆಗೆ 47/2 ಇದ್ದದ್ದು ಪೋಡಿಯಾಗಿ 47/5 ಆಗಿದ್ದರೆ, ಪೋಡಿಗೆ ಮುಂಚಿನ ಅಡಮಾನ, ಕರಾರು, ವಿಭಾಗ ಎಲ್ಲಾ 47/2ರಲ್ಲೇ ಮಲಗಿರುತ್ತೆ. 47/5ಕ್ಕೆ ಇಸಿ ಹಾಕಿದರೆ ಒಂದೂ ಕಾಣಲ್ಲ. ಅದಕ್ಕೇ ಪ್ರತಿ ನಂಬರಿಗೂ ಇಸಿ ಬೇಕು. ಬೇಸಾಯದ ಜಮೀನಾಗಿದ್ದ ಕಾಲಕ್ಕೆ ಸರ್ವೆ ನಂಬರ್ ಮೇಲೆ, ಲೇಔಟ್ ಆದಮೇಲೆ ಸೈಟ್ ನಂಬರ್ ಮತ್ತು ಸರ್ವೆ ನಂಬರ್ ಎರಡರ ಮೇಲೂ. ಕನಿಷ್ಠ 30 ವರ್ಷ. ಆನ್‌ಲೈನಲ್ಲಿ ಸಿಗೋದು 2004ರಿಂದ ಈಚೆಗೆ. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಿ ಅರ್ಜಿ ಕೊಡಬೇಕು. ಕಚೇರಿಯ ವ್ಯಾಪ್ತಿ ಮಧ್ಯದಲ್ಲಿ ಬದಲಾಗಿದ್ದರೆ ಹಳೇ ಕಚೇರಿಯಲ್ಲೂ ಕೇಳಬೇಕು. ಬ್ರೋಕರ್ ಕೈಲಿ ತರಿಸಬೇಡಿ. ನಿಮ್ಮ ಮೊಬೈಲ್ ನಂಬರಿನಲ್ಲಿ ಕಾವೇರಿಗೆ ಲಾಗಿನ್ ಆಗಿ ನೀವೇ ತೆಗೀರಿ, ಶುಲ್ಕ ಏನೂ ದೊಡ್ಡದಲ್ಲ. ಮೂರು ಲಕ್ಷದ ಮುಂದೆ ಅದೊಂದು ಲೆಕ್ಕವೇ ಅಲ್ಲ.

ವಕೀಲರು ಹೇಳಿದ ಹಾಗೆ ಸರ್ವೆ ನಂಬರ್ ಮೇಲೆ ತೆಗೆಸಿದಾಗ ನಮೂನೆ 15 ಬಂತು. 2012ರ ಕ್ರಯಪತ್ರ ಇತ್ತು, ಸರಿ. ಆದರೆ ಅದಕ್ಕೂ ಮುಂಚೆ, 2009ರಲ್ಲಿ, ಜಮೀನಿನ ಮೂಲ ಮಾಲೀಕರು ಇನ್ಯಾರಿಗೋ ಬರೆದುಕೊಟ್ಟ ನೋಂದಾಯಿತ ಕ್ರಯದ ಕರಾರು ಇತ್ತು. ಆ ಕರಾರಿನ ಷೆಡ್ಯೂಲಿನೊಳಗೆ ಈ ಸೈಟೂ ಬರುತ್ತೆ. ರದ್ದು ಪತ್ರ ಎಲ್ಲೂ ಇಲ್ಲ.

ಇನ್ನೊಂದು ಇದೆ, ಅದು ಯಾವ ಇಸಿಯಲ್ಲೂ ಬರಲ್ಲ. ಕೋರ್ಟ್ ಕೇಸು. ಮೂಲ ಮಾಲೀಕರ ಹೆಣ್ಣು ಮಕ್ಕಳು ವಿಭಾಗಕ್ಕೆ ಅಸಲು ದಾವೆ ಹೂಡಿದ್ದಾರೆ, ಈ ಸರ್ವೆ ನಂಬರೂ ಅದರಲ್ಲಿದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಮೂಲ ಮಾಲೀಕರ ಹೆಸರು ಹಾಕಿ ಹುಡುಕಿದಾಗ ಸಿಕ್ತು. 2012ರಲ್ಲಿ ಸೈಟು ಮಾರಿದ್ದು ಅವರ ಮಗ ಒಬ್ಬನೇ, ಅಕ್ಕತಂಗಿಯರ ಸಹಿ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣು ಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು. ಅಪ್ಪ 2005ಕ್ಕೆ ಮುಂಚೆ ತೀರಿಕೊಂಡಿದ್ದರೂ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿಯಾಗಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ವಿಭಾಗ ಆಗಿದ್ದರೆ ಮಾತು ಬೇರೆ, ಇಲ್ಲಿ ಅದೂ ಆಗಿಲ್ಲ. ಕೇಸು ನಡೀತಿರುವಾಗ ನೀವು ಕೊಂಡರೆ, ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಮಿನ ಪ್ರಕಾರ ಆ ಕೇಸಿನ ತೀರ್ಪು ನಿಮ್ಮ ತಲೆಗೂ ಕಟ್ಟುತ್ತೆ. ‘ನಮಗೆ ಗೊತ್ತಿರಲಿಲ್ಲ’ ಅಂದರೆ ನಡೆಯಲ್ಲ.

ಈಗ ಅವರ ಉತ್ತರಗಳು ಕೇಳಿ.

ಬ್ರೋಕರ್: ‘ಸಾರ್, ಸರ್ವೆ ನಂಬರ್ ಮೇಲೆ ಇಸಿ ತೆಗೆದರೆ ಊರಿಗೆ ಊರೇ ಬರುತ್ತೆ. ಹಂಗೆಲ್ಲಾ ನೋಡ್ಕೊಂಡು ಕೂತ್ರೆ ಬೆಂಗಳೂರಲ್ಲಿ ಒಬ್ಬರೂ ಮನೆ ಕಟ್ಟಲ್ಲ.’

2009ರ ಕರಾರಿನ ಬಗ್ಗೆ ಕೇಳಿದರೆ: ‘ಅದು ಟೈಮ್ ಬಾರ್ ಆಗಿದೆ ಬಿಡಿ. ಮೂರು ವರ್ಷಕ್ಕೆ ಸತ್ತೋಯ್ತು.’

ಈ ಮಾತು ಅರ್ಧ ಸತ್ಯ. ಅದಕ್ಕೇ ಅಪಾಯ. ಕರಾರಿನ ಮೇಲೆ ದಾವೆ ಹೂಡೋಕೆ ಮೂರು ವರ್ಷದ ಕಾಲಮಿತಿ ಇರೋದು ಹೌದು. ಆದರೆ ಕರಾರಿನಲ್ಲಿ ಕ್ರಯಕ್ಕೆ ಇಂಥದ್ದೇ ತಾರೀಖು ಅಂತ ಗೊತ್ತುಮಾಡಿದ್ದರೆ ಆ ತಾರೀಖಿನಿಂದ ಎಣಿಕೆ. ಗೊತ್ತುಮಾಡಿಲ್ಲದಿದ್ದರೆ, ಮಾರೋರು ನಿರಾಕರಿಸಿದ್ದು ಕೊಳ್ಳೋರ ಗಮನಕ್ಕೆ ಬಂದ ದಿನದಿಂದ ಎಣಿಕೆ. ಕರಾರು ಓದದೆ ‘ಸತ್ತೋಯ್ತು’ ಅಂತ ಯಾರೂ ಹೇಳೋಕಾಗಲ್ಲ. ಆ ಕರಾರಿನ ದೃಢೀಕೃತ ನಕಲು ಕೇಳಿದ್ದಕ್ಕೆ ಇವತ್ತಿನವರೆಗೂ ‘ಕೊಡಿಸ್ತೀನಿ ಸಾರ್’ ಬಿಟ್ಟು ಬೇರೆ ಮಾತಿಲ್ಲ.

ಹೆಣ್ಣು ಮಕ್ಕಳ ಕೇಸಿನ ಬಗ್ಗೆ ಮಾರೋರು ಹೇಳಿದ್ದು: ‘ಅದು ಅವರ ಮನೆ ಜಗಳ. ಇಂಥ ಕೇಸು ಎಲ್ಲಾ ಜಮೀನಿಗೂ ಇರುತ್ತೆ. ಒಂದಿಷ್ಟು ಕೊಟ್ಟರೆ ಸಹಿ ಹಾಕ್ತಾರೆ, ಅದನ್ನ ನೀವೇ ನೋಡ್ಕೊಳ್ಳಿ.’ ನೀವೇ ನೋಡ್ಕೊಳ್ಳಿ! ಸೈಟಿಗೂ ದುಡ್ಡು ಕೊಡಬೇಕು, ಅವರ ತಗಾದೆ ತೀರಿಸೋಕೂ ಕೊಳ್ಳೋರೇ ದುಡ್ಡು ಕೊಡಬೇಕಂತೆ.

ಬ್ಯಾಂಕ್ ಸಾಲ ತಿರಸ್ಕಾರ ಆಯ್ತು ಅಂದಾಗ ಬಂದ ಉತ್ತರ: ‘ಆ ಬ್ಯಾಂಕಿನವರು ಸ್ಟ್ರಿಕ್ಟು. ನಮ್ಮ ಕಡೆ ಫೈನಾನ್ಸ್ ಇದೆ, ಇಷ್ಟೆಲ್ಲಾ ಕೇಳಲ್ಲ.’ ನೆನಪಿಡಿ, ‘ಇಷ್ಟೆಲ್ಲಾ ಕೇಳಲ್ಲ’ ಅಂತ ಸಾಲದವರ ಬಗ್ಗೆ ಬ್ರೋಕರ್ ಹೊಗಳಿದರೆ ಆ ಸ್ವತ್ತಿನಲ್ಲಿ ಕೇಳಬೇಕಾದದ್ದು ಏನೋ ಇದೆ.

ಕೊನೆಗೆ ಅಡ್ವಾನ್ಸ್ ವಾಪಸ್ ಕೇಳಿದಾಗ ಮಾರೋರ ಧ್ವನಿಯೇ ಬದಲಾಯ್ತು. ಅಲ್ಲಿತನಕ ‘ನಮ್ಮ ಮನೆಯೋರು ಇದ್ದಂಗೆ ನೀವು’ ಅಂತಿದ್ದವರು ‘ಹಿಂದೆ ಸರೀತಿರೋದು ನೀವು. ಅಗ್ರಿಮೆಂಟ್ ತೆಗೆದು ಓದಿ. ಅಡ್ವಾನ್ಸ್ ಖರ್ಚಾಗೋಗಿದೆ, ಬೇರೆ ಪಾರ್ಟಿ ಬಂದ್ರೆ ನೋಡೋಣ’ ಅಂದರು. ಲೀಗಲ್ ನೋಟಿಸ್ ಕಳಿಸಿದ್ದಕ್ಕೆ ಅವರ ವಕೀಲರಿಂದ ಬಂದ ಜವಾಬಿನ ತಿರುಳು ಒಂದೇ: ಖರೀದಿದಾರರು ದಾಖಲೆಗಳನ್ನೆಲ್ಲ ಪರಿಶೀಲಿಸಿ ತೃಪ್ತಿ ಹೊಂದಿಯೇ ಕರಾರು ಮಾಡಿಕೊಂಡಿದ್ದಾರೆ.

ಹೌದು, ಆ ಸಾಲು ಅಗ್ರಿಮೆಂಟಿನಲ್ಲಿದೆ. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡೋ ಎಲ್ಲಾ ಅಗ್ರಿಮೆಂಟಿನಲ್ಲೂ ಅದು ಇರುತ್ತೆ, ಹೆಸರು ಮತ್ತು ಮೊತ್ತ ಬದಲಾಯಿಸಿ ಪ್ರಿಂಟ್ ತೆಗೀತಾರೆ. ‘ಖರೀದಿದಾರರು ತಪ್ಪಿದಲ್ಲಿ ಮುಂಗಡ ಮುಟ್ಟುಗೋಲು’ ಅನ್ನೋ ಸಾಲೂ ಇರುತ್ತೆ. ಮಾರೋರ ಹಕ್ಕಿನಲ್ಲೇ ದೋಷ ಕಂಡರೆ ಏನು ಅನ್ನೋ ಸಾಲು ಮಾತ್ರ ಇರಲ್ಲ. ಆ ಅಗ್ರಿಮೆಂಟ್ ಬರೆಸೋದು ಯಾವಾಗಲೂ ಅವರ ಕಡೆಯವರೇ, ಇನ್ನು ನಮ್ಮ ಪರವಾದ ಸಾಲು ಎಲ್ಲಿಂದ ಬರಬೇಕು?

ಹಾಗಾಗಿ ಸಹಿಗೆ ಮುಂಚೆ ‘ಪರಿಶೀಲಿಸಿ ತೃಪ್ತಿ ಹೊಂದಿರುತ್ತಾರೆ’ ಅನ್ನೋದನ್ನ ಹೊಡೆದು ಹಾಕಿಸಿ. ಅದರ ಜಾಗದಲ್ಲಿ ಹೀಗೆ ಬರೆಸಿ: ಖರೀದಿದಾರರ ವಕೀಲರ ಅಥವಾ ಬ್ಯಾಂಕಿನ ಕಾನೂನು ಪರಿಶೀಲನೆಯಲ್ಲಿ ಹಕ್ಕಿನ ದೋಷ, ದಾವೆ, ಋಣಭಾರ ಕಂಡುಬಂದಲ್ಲಿ ಪೂರ್ತಿ ಮುಂಗಡವನ್ನು 15 ದಿನದೊಳಗೆ ಬ್ಯಾಂಕ್ ಖಾತೆಗೆ ಹಿಂತಿರುಗಿಸತಕ್ಕದ್ದು, ತಪ್ಪಿದರೆ ಬಡ್ಡಿ ಸಮೇತ. ಇದಕ್ಕೆ ಒಪ್ಪದ ಮಾರಾಟಗಾರರ ಹತ್ತಿರ ಇನ್ನೊಂದು ಮಾತೂ ಆಡಬೇಡಿ, ಎದ್ದು ಬನ್ನಿ. ಅಗ್ರಿಮೆಂಟ್ ನೋಟರಿಗೆ ನಿಲ್ಲಿಸಬೇಡಿ, ನೋಂದಣಿ ಮಾಡಿಸಿ. ನೋಟರಿ ಮಾಡಿಸಿದ್ದು ಇಸಿಯಲ್ಲಿ ಬರಲ್ಲ, ನಾಳೆ ಅದೇ ಸೈಟನ್ನ ಇನ್ನೊಬ್ಬರಿಗೆ ಬರೆದುಕೊಟ್ಟರೂ ಅವರಿಗೆ ನಿಮ್ಮ ಸುಳಿವೇ ಸಿಗಲ್ಲ. ನಮ್ಮದರಲ್ಲಿ ಈಗ ಆಗ್ತಿರೋದು ಅದೇ.

ಖಾತಾ ಬಗ್ಗೆ ಒಂದು ಮಾತು. 9 ಮತ್ತು 11ಎ ಇದೆ ಅಂತ ಮೈಮರೀಬೇಡಿ. ಖಾತಾ ಅಂದರೆ ಕಂದಾಯ ಯಾರು ಕಟ್ಟಬೇಕು ಅನ್ನೋದಕ್ಕೆ ದಾಖಲೆ, ಮಾಲೀಕತ್ವ ಕ್ರಯಪತ್ರದ ಸರಪಳಿಯಿಂದಲೇ ಬರಬೇಕು. ಮೂಲಪತ್ರದಿಂದ ಹಿಡಿದು ಪ್ರತಿ ಕೊಂಡಿಯೂ ಬೇಕು, ಜೊತೆಗೆ ಮೂಲ ಮಾಲೀಕರ ವಂಶವೃಕ್ಷ. ಅದರಲ್ಲಿ ಹೆಣ್ಣು ಮಕ್ಕಳ ಹೆಸರು ಇದೆಯಾ, ಅವರೆಲ್ಲ ಪತ್ರಕ್ಕೆ ಸಹಿ ಹಾಕಿದ್ದಾರಾ ಅಂತ ಒಬ್ಬೊಬ್ಬರದ್ದೇ ತಾಳೆ ನೋಡಿ. ಗಂಡು ಮಕ್ಕಳನ್ನ ಮಾತ್ರ ತೋರಿಸಿದ ವಂಶವೃಕ್ಷ ಕೊಟ್ಟರೆ ಊರಿನಲ್ಲಿ ವಿಚಾರಿಸಿ. ಹಳೇ ಪಹಣಿಗಳನ್ನ ತೆಗೆಸಿ 11ನೇ ಕಾಲಂ ಓದಿ, ಸೊಸೈಟಿ ಸಾಲ, ಕೋರ್ಟ್ ತಡೆಯಾಜ್ಞೆ ನಮೂದಾಗಿದ್ದರೆ ಅಲ್ಲಿರುತ್ತೆ. ಸರ್ಕಾರದಿಂದ ಮಂಜೂರಾದ ಜಮೀನು ಅಂತ ಕಂಡರೆ ಯಾರಿಗೆ ಮಂಜೂರಾಗಿತ್ತು ಅಂತ ಕೇಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಕೊಟ್ಟಿದ್ದಾದರೆ 1978ರ ಪಿಟಿಸಿಎಲ್ (ಕೆಲವು ಜಮೀನುಗಳ ಪರಭಾರೆ ನಿಷೇಧ) ಕಾಯ್ದೆ ಅನ್ವಯಿಸುತ್ತೆ, ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ನಿಲ್ಲಲ್ಲ. 2023ರ ತಿದ್ದುಪಡಿ ಬಂದಮೇಲೆ ಆ ಜಮೀನು ವಾಪಸ್ ಕೇಳೋಕೆ ಕಾಯ್ದೆಯಲ್ಲಿ ಕಾಲಮಿತಿ ಇಲ್ಲ.

ಅಡ್ವಾನ್ಸ್ ಸ್ವಲ್ಪ ನಗದಲ್ಲಿ ಕೊಡಿ ಅಂತ ಇವರೂ ಕೇಳಿದ್ದರು. ಒಪ್ಪಲಿಲ್ಲ, ಪೂರ್ತಿ ಬ್ಯಾಂಕಿನಿಂದಲೇ ಹೋಯ್ತು. ಇವತ್ತು ಕೈಯಲ್ಲಿರೋ ಗಟ್ಟಿ ಸಾಕ್ಷಿ ಅದೊಂದೇ. ಸ್ಥಿರಾಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯೋದನ್ನ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ, ಪಡೆದವರಿಗೆ ಅಷ್ಟೇ ಮೊತ್ತದ ದಂಡ. ನಗದು ಕೇಳಿದವರಿಗೆ ಇದನ್ನೇ ಹೇಳಿ.

ಈಗಾಗಲೇ ಅಡ್ವಾನ್ಸ್ ಕೊಟ್ಟು ಸಿಕ್ಕಿಹಾಕಿಕೊಂಡಿರೋರಿಗೆ: ‘ಪರಿಶೀಲಿಸಿ ತೃಪ್ತಿ’ ಸಾಲು ನೋಡಿ ಕೈಚೆಲ್ಲಬೇಡಿ. ತನಗೆ ಗೊತ್ತಿದ್ದು, ಕೊಳ್ಳೋರು ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾಗದ ಹಕ್ಕಿನ ದೋಷವನ್ನ ಮಾರೋರು ಹೇಳಲೇಬೇಕು ಅಂತ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು ಹೇಳುತ್ತೆ. ನ್ಯಾಯವಾದ ಕಾರಣಕ್ಕೆ ಖರೀದಿ ನಿರಾಕರಿಸಿದರೆ ಕೊಟ್ಟ ಮುಂಗಡಕ್ಕೆ ಆ ಸ್ವತ್ತಿನ ಮೇಲೇ ಋಣಭಾರ ಹಕ್ಕು ಬರುತ್ತೆ ಅಂತಲೂ ಅದೇ ಕಲಮಿನಲ್ಲಿದೆ. ನೋಟಿಸಿನಲ್ಲಿ ಇದನ್ನ ಸ್ಪಷ್ಟವಾಗಿ ಬರೆಸಿ. ‘ನಾವು ಹಿಂದೆ ಸರೀತಿದ್ದೀವಿ’ ಅನ್ನೋ ಅರ್ಥ ಬರೋ ಒಂದು ವಾಟ್ಸಾಪ್ ಸಂದೇಶವನ್ನೂ ಕಳಿಸಬೇಡಿ. ‘ನಿಮ್ಮ ಹಕ್ಕಿನಲ್ಲಿ ದೋಷವಿದೆ, ಸರಿಪಡಿಸಿ ಇಲ್ಲವೇ ಹಣ ಹಿಂತಿರುಗಿಸಿ’ ಅಂತಲೇ ಬರೀರಿ. ಬ್ರೋಕರ್ ಕಳಿಸಿದ ಇಸಿ, ಅವನ ವಾಯ್ಸ್ ಮೆಸೇಜು, ಜಾಹೀರಾತಿನ ಚಿತ್ರ ಎಲ್ಲಾ ಉಳಿಸಿಕೊಳ್ಳಿ. ‘ಬೇರೆ ಪಾರ್ಟಿ ಬರಲಿ’ ಅಂತ ಅವರು ತಿಂಗಳು ತಿಂಗಳು ತಳ್ಳೋದು ಮೂರು ವರ್ಷದ ಕಾಲಮಿತಿ ಕಳೀಲಿ ಅಂತಲೇ. ಅದಕ್ಕೆ ಮುಂಚೆ ದಾವೆ ಹೂಡಿ.